ಗಂಟೆ ಇರಲಿ, ಸ್ಪೀಕರ್ ಇಳಿಸಿ

“ಆ ಕಹಳೆ ಆರಿಸ್ತೀರೋ, ಇಲ್ಲಾ ನಾನೇ ಏಣಿ ಹತ್ತಿ ಕಿತ್ತು ಹಾಕ್ಲೋ?!”

ಭಾನುವಾರದ ಪೂಜೆ ನಡೆಯುತ್ತಿತ್ತು. ಚರ್ಚಿನೊಳಗೆ ನುಗ್ಗಿದ ಪಕ್ಕದ ಮನೆಯ ಸ್ಮರಾಂಡಾಳ ಕಾಲಲ್ಲಿ ಬಚ್ಚಲಿನ ಚಪ್ಪಲಿ, ಮೈಮೇಲೆ ಇನ್ನೂ ನರ್ಸಿನ ಅಂಗಿ. ಸ್ತೋತ್ರ ಹಾಡುತ್ತಿದ್ದ ತಿಬೇರಿಯು ಬಾಯಿ ಮುಚ್ಚಿದ. ಮೈಕು ಮುಚ್ಚಲಿಲ್ಲ. ಅವಳ ಕೂಗು ಹೊರಗಿನ ಸ್ಪೀಕರಿನಿಂದ ಹೊರಟು ರುಮೇನಿಯಾದ ಆ ಸಣ್ಣ ಪಟ್ಟಣದ ಅರ್ಧ ಜನಕ್ಕೆ ತಲುಪಿತು.

“ರಾತ್ರಿ ಪಾಳಿ ಮುಗಿಸಿ ಬಂದಿದ್ದೀನಿ. ನಿಮ್ಮ ಸ್ಪೀಕರು ನೇರ ನನ್ನ ಮಂಚಕ್ಕೇ ಉಪದೇಶ ಮಾಡುತ್ತೆ!”

“ದೇವರ ಮಾತು ಕಿವಿಗೆ ಬಿದ್ರೆ ಒಳ್ಳೇದೇ, ಮಗಳೇ,” ಎಂದರು ಪಾದ್ರಿ.

“ನಿದ್ದೆಗಣ್ಣಲ್ಲಿ ನಾನು ಚುಚ್ಚೋ ಇಂಜೆಕ್ಷನ್ ನಿಮಗೇ ಬಿದ್ರೆ?”

ಹಿಂದೆ ಯಾರೋ ಕಿಸಕ್ಕೆಂದರು. ತಿಬೇರಿಯು ಮೈಕಿನ ತಂತಿ ಕಿತ್ತ.

ಮುಂದಿನ ವಾರ ಪಾದ್ರಿ ತಂತಿಯನ್ನು ಮತ್ತೆ ಸಿಕ್ಕಿಸಿದರು. ಸ್ಮರಾಂಡಾ ಕೋರ್ಟಿಗೆ ಹೋದಳು.

ಅದೇ ದಿನಗಳಲ್ಲಿ ತಿಬೇರಿಯು ಅವಳ ಬಾಗಿಲು ತಟ್ಟತೊಡಗಿದ. ಒಮ್ಮೆ ಅಕ್ರೋಟು ತುಂಬಿದ ಸಿಹಿ ಬ್ರೆಡ್ಡು, ಇನ್ನೊಮ್ಮೆ ಸದ್ದು ತಡೆಯಲು ಕಿಟಕಿಗೆ ರಬ್ಬರ್ ಪಟ್ಟಿ. ಅಂಟಿಸಿದ್ದೂ ಅವನೇ.

‘ಹತ್ತಿರದಿಂದ ಕೇಳಿದರೆ ಈ ದನಿ ಎಷ್ಟು ಮೆತ್ತಗಿದೆ...’ ಹಾಗೆ ಅನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಸಿಟ್ಟಿಗೆ ಸರಿಯಾದ ಕಾರಣ ಒದಗಿಸಿದವಳು ಕೆಳಮನೆಯ ವಿಯೋರಿಕಾ ಆಂಟಿ. “ಗೊತ್ತಿಲ್ವೇನೇ? ಪಾದ್ರಿ ಆಗೋಕೆ ಓದಿರೋ ಹುಡುಗ. ನಮ್ಮ ಆರ್ಥೊಡಾಕ್ಸ್ ಪಾದ್ರಿಗಳು ದೀಕ್ಷೆಗೆ ಮುಂಚೆ ಮದುವೆ ಆಗ್ಬೇಕು, ಆಮೇಲೆ ಆಗೋ ಹಾಗಿಲ್ಲ. ಬಿಷಪ್ಪರು ದ್ರಾಕ್ಷಿ ಕೊಯ್ಲಿನವರೆಗೆ ಗಡುವು ಕೊಟ್ಟಿದ್ದಾರಂತೆ.”

‘ಓಹೋ! ನನ್ನನ್ನು ಕಟ್ಟಿಕೊಂಡರೆ ಹೆಂಡತಿಯೂ ಸಿಕ್ಕಳು, ಕೇಸೂ ಹೋಯಿತು!’

ಮರುದಿನ ಬಾಗಿಲು ಅರ್ಧವಷ್ಟೇ ತೆರೆಯಿತು. “ಬ್ರೆಡ್ಡು ಬೇಡ. ನಿಮಗೆ ಹೆಂಡತಿ ಬೇಕಿದ್ರೆ ಬೇರೆ ಮನೆ ನೋಡಿ. ಕೋರ್ಟಲ್ಲಿ ಸಿಗೋಣ.”

ಕೋರ್ಟಿನಲ್ಲಿ ಅವನು ಪಾದ್ರಿಯ ಕಡೆಯ ಸಾಕ್ಷಿ.

“ಸ್ಪೀಕರು ನಿಮ್ಮ ಪೂಜೆಯ ಭಾಗವೇ?” ಕೇಳಿದರು ನ್ಯಾಯಾಧೀಶೆ.

“ಗಂಟೆ ನಮ್ಮದು, ಮೇಡಂ. ಪೂಜೆಗೆ ಕರೆಯೋಕೆ ಬಡಿಯೋ ಮರದ ಹಲಗೆ ನಮ್ಮದು. ಹಾಡೂ ನಮ್ಮದೇ. ಸ್ಪೀಕರು... ಮದುವೆ ಬ್ಯಾಂಡಿನವರು ಹಳೇದಾಯ್ತು ಅಂತ ಮಾರಿದ್ದು.”

ಪಾದ್ರಿ ಕಣ್ಣು ಮುಚ್ಚಿದರು. ಪ್ರಾರ್ಥನೆಗಲ್ಲ.

ತೀರ್ಪು ಚಿಕ್ಕದಿತ್ತು. ಪೂಜೆಗೆ, ಗಂಟೆಗೆ, ಹಲಗೆಗೆ ಯಾರೂ ಅಡ್ಡಿ ಮಾಡುವಂತಿಲ್ಲ; ಆದರೆ ನಂಬಿಕೆಯ ಸ್ವಾತಂತ್ರ್ಯ ಪಕ್ಕದ ಮನೆಯ ಮಲಗುವ ಕೋಣೆಯವರೆಗೆ ಚಾಚುವುದಿಲ್ಲ. ಸ್ಪೀಕರು ಇಳಿಯಬೇಕು.

ಭಾನುವಾರ ಸ್ಮರಾಂಡಾಳ ನಿದ್ದೆಗೆ ಅಡ್ಡಿಯಿರಲಿಲ್ಲ. ನಿದ್ದೆಯೇ ಬರಲಿಲ್ಲ. ಅದೇ ಚಪ್ಪಲಿಯಲ್ಲಿ ಕೆಳಗಿಳಿದು ಹೋದಳು. ಪೂಜೆ ಮುಗಿದಿತ್ತು, ತಿಬೇರಿಯು ಏಣಿಯ ಮೇಲೆ ನಿಂತು ಸ್ಪೀಕರು ಬಿಚ್ಚುತ್ತಿದ್ದ.

“ಇವತ್ತು ಹಾಡ್ಲಿಲ್ವಾ?”

“ಹಾಡಿದೆ. ಕಾನೂನು ಪಾಲಿಸಿದ್ದಕ್ಕೆ ನಿಮಗೆ ಕೇಳಿಸ್ಲಿಲ್ಲ.”

“ಗಡುವು ಹತ್ತಿರ ಬಂತು. ಹುಡುಗಿ ಸಿಕ್ಕಳಾ?”

ಅವನ ಕೈ ನಿಂತಿತು. “ದೀಕ್ಷೆಯ ಅರ್ಜಿ ವಾಪಸ್ ತಗೊಂಡೆ. ಈಗ ನನಗೆ ಹೆಂಡತಿಯ ಅಗತ್ಯ ಇಲ್ಲ, ಸ್ಮರಾಂಡಾ... ನೀವು ಬೇಕು, ಅಷ್ಟೇ.”

“ಪಾದ್ರಿ ಆಗೋ ಆಸೆ?”

“ಇದೆ. ಅದು ಕಾಯುತ್ತೆ. ಅನುಮಾನ ಇಟ್ಕೊಂಡು ನೀವು ಹೂಂ ಅನ್ನೋದು ಬೇಡ.”

ಅವಳು ಏಣಿಯ ಬುಡಕ್ಕೆ ಬಂದಳು.

“ಮುಂದೆ ನಿಮ್ಮ ಚರ್ಚಲ್ಲಿ ಸ್ಪೀಕರ್ ಕಟ್ಟಿದ್ರೆ ಮತ್ತೆ ಕೇಸ್ ಹಾಕ್ತೀನಿ. ಪಾದ್ರಿ ಹೆಂಡತಿ ಆಗಿದ್ರೂ ಸರಿ!”

ಏಣಿ ಅಲುಗಿತು. “ಏನಂದ್ರಿ?!”

ಅವಳು ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡಳು.

“ಮೆಲ್ಲಗೆ ಇಳಿದು ಬಾ... ಹತ್ತಿರದಲ್ಲಿ ಹೇಳ್ತೀನಿ.”