ಹೆಣ ದಾಟಿ ಹೋಗಿ ಸೊಪ್ಪು ಹಾಕಿದವರು

ಕೊಳ್ಳೇಗಾಲದ ಅರ್ಧ ಜನ ಹುಟ್ಟಿದಾಗ ಮೊದಲು ಅತ್ತದ್ದು ನರ್ಸ್ ಲಕ್ಷ್ಮಿದೇವಿಯ ಕೈಯಲ್ಲಿ. ಉಳಿದರ್ಧ ಜನ ಮಾಡಿದ ತಪ್ಪು ಒಪ್ಪಿಕೊಂಡು ಅತ್ತದ್ದು ಆಕೆಯ ಮುಂದೆ. ಇದು ಜಡೇಸ್ವಾಮಿಯ ಲೆಕ್ಕ. ಬಸ್ ಕಂಡಕ್ಟರಿಕೆಯಿಂದ ನಿವೃತ್ತನಾದ ಮೇಲೆ ಆಕೆಯನ್ನು ಲೂನಾದ ಹಿಂದೆ ಕೂರಿಸಿಕೊಂಡು ಪತ್ತೇದಾರಿಗೆ ಹೊರಡುವುದೇ ಅವನ ಕಸುಬು. ಆ ಲೂನಾ ಹೊರಟರೆ ಗಾಳಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತಂತೆ. ಏರು ಬಂದಾಗ ಇಬ್ಬರೂ ಇಳಿದು ತಳ್ಳುತ್ತಿದ್ದರೆಂಬುದನ್ನು ಮಾತ್ರ ಅವನು ಯಾರಿಗೂ ಹೇಳುತ್ತಿರಲಿಲ್ಲ.

1994ರ ಒಂದು ಸಂಜೆ ಲಕ್ಷ್ಮಿದೇವಿ ಊದಿದ ಕಾಲನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಕೂತಿದ್ದಾಗ ರಾಮಾಪುರದ ಪುಟ್ಟಗೌರಮ್ಮ ಬಂದು ಹೊಸ್ತಿಲಲ್ಲೇ ಕುಸಿದಳು. ಮಗಳನ್ನು ನೋಡಲೆಂದು ಬಸ್ಸಿಳಿದವಳಿಗೆ ಮಗಳ ಮನೆ ಮುಂದೆ ಪೊಲೀಸರು ಕಂಡಿದ್ದರು.

"ನನ್ ರಾಣಿ ಓಗ್ಬುಟ್ಲು ಕಣವ್ವಾ. ಮದ್ದು ಕುಡುದವ್ಳೆ ಅಂತ ಬರ್ಕತಾವ್ರೆ. ಅವ್ಳು ಕುಡಿಯೋಳಲ್ಲ. ಆ ಅತ್ತೆ ಮುಂಡೆ ಚಿಕ್ಕನಿಂಗಮ್ಮನೇ ಕೊಂದವ್ಳೆ!"

"ಅಳಿಯ?"

"ನಟರಾಜು ದೇವ್ರಂತೋನು. ಬೆಳಗ್ಗೇನೇ ಯಳಂದೂರಿಗೆ ಓಗಿದ್ನಂತೆ." ಅವಳು ಲಕ್ಷ್ಮಿದೇವಿಯ ಒದ್ದೆ ಕಾಲನ್ನೇ ಹಿಡಿದುಕೊಂಡಳು. "ಮೊಮ್ಮಗ್ಳು ಸಿಂಧು ಅದೇ ಮನೇಲವ್ಳೆ. ಕೊಂದೋರ ಕೈತುತ್ತು ತಿಂದ್ಕಂಡು ಆ ಕೂಸು ಬೆಳೀಬೇಕಾ?"

ಲಕ್ಷ್ಮಿದೇವಿ ನಿಟ್ಟುಸಿರು ಬಿಟ್ಟು ಕಾಲು ಒರೆಸಿಕೊಂಡಳು. "ಗಾಡಿ ತೆಗಿ, ಸ್ವಾಮಿ," ಎಂದು ಜಡೇಸ್ವಾಮಿಯನ್ನು ಕೂಗಿದಳು.

ಊರಾಚೆಯ ಹೊಸ ಬಡಾವಣೆಯಲ್ಲಿ ಮನೆ. ಹಿತ್ತಲಲ್ಲಿ ರಾಣಿಯ ಹುಳುಮನೆ. ಒಳಗೆ ಕಾಲಿಟ್ಟರೆ ಸೋನೆಮಳೆ ಸುರಿದಂತೆ ಸದ್ದು. ತಟ್ಟೆ ತುಂಬ ಬೆರಳುದ್ದದ ರೇಷ್ಮೆಹುಳು. ಜಡೇಸ್ವಾಮಿಯ ಅಂದಾಜಿನಲ್ಲಿ ಒಂದು ಕೋಟಿಗೆ ಕಡಿಮೆಯಿಲ್ಲ. ಗೂಡು ಕಟ್ಟುವ ಮುಂಚಿನ ಆ ವಾರ ಅವು ತಿನ್ನುವ ಭರಾಟೆ ನೋಡಿದರೆ ಇನ್ನಷ್ಟು ಹೊತ್ತು ಬಿಟ್ಟರೆ ಮಾಡಿನ ತೊಲೆಯನ್ನೂ ಮುಗಿಸಿಬಿಡುತ್ತವೇನೋ ಎನಿಸಿತು. ತಟ್ಟೆಗಳ ಕೆಳಗೆ ರಾಣಿ ಬಿದ್ದಿದ್ದಳು. ಪಕ್ಕದಲ್ಲಿ ಸೊಪ್ಪು ಮುಚ್ಚುವ ಒದ್ದೆ ಗೋಣಿತಾಟು, ಮುಚ್ಚಳ ತೆಗೆದ ಕೀಟನಾಶಕದ ಬಾಟಲಿ.

"ಮೂರು ದಿನದಿಂದ ಕಾಡಿನ ಡ್ಯೂಟಿ, ನರ್ಸಮ್ಮ. ಕಣ್ಣು ಬಿಡೋಕಾಗ್ತಿಲ್ಲ," ಎಂದು ಸಬ್‌ಇನ್ಸ್‌ಪೆಕ್ಟರ್ ಮಹದೇವಪ್ರಸಾದ್ ಗೋಡೆಗೆ ಒರಗಿದರು. "ಬಾಟಲಿ ಕಣ್ಣೆದುರಿಗೇ ಇದೆ. ನಾಳೆ ಪೋಸ್ಟ್‌ಮಾರ್ಟಂ ಆದ್ರೆ ಮುಗೀತು."

ಲಕ್ಷ್ಮಿದೇವಿ ಮಂಡಿಯೂರಿದಳು. ರಾಣಿಯ ಮೊಣಕೈ ಮಡಚಲು ನೋಡಿದಳು, ಮರಗಟ್ಟಿತ್ತು. "ಮಧ್ಯಾಹ್ನವೇ ಜೀವ ಹೋಗಿದೆ." ಬಾಯಿಯ ವಾಸನೆ ನೋಡಿದಳು. ಕೆಳತುಟಿಯನ್ನು ಮೆಲ್ಲನೆ ಹೊರಳಿಸಿ ಒಳಗೆ ದಿಟ್ಟಿಸಿದಳು. ಬಾಟಲಿಯನ್ನೂ ಮೂಸಿದಳು. ಕೊನೆಗೆ ಸ್ಟೂಲು ತರಿಸಿ ಎಲ್ಲಕ್ಕಿಂತ ಮೇಲಿನ ತಟ್ಟೆಯಿಂದ ಒಂದು ಹಿಪ್ಪುನೇರಳೆ ಎಲೆ ತೆಗೆದಳು. ಎಲೆ ಬಾಡಿರಲಿಲ್ಲ.

ನಟರಾಜು ಅಂಗಳದಲ್ಲಿ ತಲೆ ಹಿಡಿದು ಕೂತಿದ್ದ. ಎತ್ತರದ ಆಳು, ಅಕ್ಕಿ ಗಿರಣಿಯಲ್ಲಿ ಗುಮಾಸ್ತ. "ಸಂಜೆ ಯಳಂದೂರಿಂದ ಬಂದೆ ಕಣಮ್ಮ. ಬಾಗ್ಲಲ್ಲೇ ನೋಡಿ ಕಿರುಚ್ಕಂಡೆ. ಒಳಕ್ಕೆ ಓಗ್ನಿಲ್ಲ. ಪೊಲೀಸ್ರು ಬರಗಂಟ ಯಾರ್ನೂ ಬಿಡ್ನೂ ಇಲ್ಲ. ಉಳ ಅಂದ್ರೆ ನಂಗಾಗಕಿಲ್ಲ. ಅದ್ರ ತಲೆ ಯಾವ್ದು, ಬಾಲ ಯಾವ್ದು ಅಂತ್ಲೂ ನಂಗೊತ್ತಿಲ್ಲ."

ಜಗಲಿಯಲ್ಲಿದ್ದ ಚಿಕ್ಕನಿಂಗಮ್ಮನ ಬಲಭುಜ ಹಿಡಿದುಕೊಂಡಿತ್ತು. ಕೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. "ನಾನೇ ಕೊಂದೆ ಅಂತ ಬರ್ಕಳ್ಳಿ. ದಿನಾ ಜಗ್ಳ ಆಡ್ತಿದ್ದೋಳು ನಾನೇ ತಾನೆ? ಆ ಉಳದ ನಾತಕ್ಕೆ ನಂಗೆ ಉಸ್ರು ಕಟ್ತದೆ. ನಾನು ಕೊಂದಿದ್ರೆ ಮೊದ್ಲು ಉಳನೆಲ್ಲ ಕೋಳಿಗೆ ಸುರೀತಿದ್ದೆ!"

"ಮಧ್ಯಾಹ್ನ ಎಲ್ಲಿದ್ರಿ?"

"ಇಲ್ಲೇ. ಹಿತ್ಲು ಕಡೆ ಗೇಟಿಂದ ಯಾರ್ ಬಂದ್ರೂ ಇಲ್ಲಿಗೆ ಕಾಣಾಕಿಲ್ಲ."

ಹೆಣ ಸಾಗಿಸಿದ ಮೇಲೆ ಹುಳುಮನೆಗೆ ಬೀಗ ಬಿತ್ತು. ಬೀಗದಕೈ ಇನ್ಸ್‌ಪೆಕ್ಟರ ಜೇಬು ಸೇರಿತು. ಸಿಂಧುವನ್ನು ಆ ರಾತ್ರಿ ಪಕ್ಕದ ಮನೆಯಲ್ಲಿ ಮಲಗಿಸಲು ಲಕ್ಷ್ಮಿದೇವಿಯೇ ಹೇಳಿದಳು.

ಬೆಳಿಗ್ಗೆ ಎಲ್ಲರನ್ನೂ ಅದೇ ಹುಳುಮನೆಗೆ ಕರೆಸಿದಳು. ತಟ್ಟೆಗಳಲ್ಲಿ ಕಡ್ಡಿ ಬಿಟ್ಟರೆ ಏನೂ ಉಳಿದಿರಲಿಲ್ಲ. ಹಸಿದ ಹುಳುಗಳು ತಲೆಯೆತ್ತಿ ಆಚೀಚೆ ಆಡಿಸುತ್ತಿದ್ದವು. ಎಲ್ಲರ ಕಣ್ಣೂ ಲಕ್ಷ್ಮಿದೇವಿಯ ಮೇಲಿತ್ತು, ಒಬ್ಬರದು ಬಿಟ್ಟು.

"ಸ್ವಾಮಿ, ನಿನ್ನ ಹೊಗೆಸೊಪ್ಪು ತೆಗಿ," ಎಂದಳು.

ಇಡೀ ತಾಲ್ಲೂಕಿನ ಹೊಗೆಸೊಪ್ಪಿನಂಗಡಿಗಳು ನಡೆಯುತ್ತಿದ್ದುದೇ ತನ್ನ ದವಡೆಯಿಂದ ಎಂದು ನಂಬಿದ್ದ ಜಡೇಸ್ವಾಮಿ ಖುಷಿಯಿಂದ ಚೀಲ ಬಿಚ್ಚಿ, ತಟ್ಟೆಯ ಮೇಲೆಯೇ ಕೈಯಿಟ್ಟುಕೊಂಡು ಉಜ್ಜತೊಡಗಿದ.

"ಏಯ್! ತಗಿಯಯ್ಯ ಆ ಕಡೆ! ಅದ್ರ ಪುಡಿ ಬಿದ್ರೆ ಉಳ ಒಂದೂ ಉಳಿಯಾಕಿಲ್ಲ!"

ಕೂಗಿದವನು ನಟರಾಜು. ಹುಳುಗಳ ತಲೆ ಬಾಲ ಗೊತ್ತಿಲ್ಲದ ನಟರಾಜು.

ಲಕ್ಷ್ಮಿದೇವಿ ಸ್ಟೂಲಿನ ಮೇಲೆ ಕೂತಳು. ಗೆದ್ದ ಖುಷಿಯ ಒಂದು ಗೆರೆಯೂ ಆ ಮುಖದಲ್ಲಿರಲಿಲ್ಲ.

"ಇನ್ಸ್‌ಪೆಕ್ಟ್ರೇ, ಗದ್ದೆಗೆ ಹೊಡೆಯುವ ಮದ್ದಿನ ಬಾಟಲಿಯನ್ನು ಈ ಕೋಣೆಯಲ್ಲಿ ಬಿಚ್ಚಿದ್ದರೆ ಅದರ ಆವಿಗೇ ಹುಳುಗಳು ಒದ್ದಾಡಿ ಸಾಯ್ತಿದ್ವು. ನಿನ್ನೆ ಅವು ಹಬ್ಬದೂಟ ಮಾಡ್ತಿದ್ವು. ಬಾಟಲಿಯಲ್ಲೂ ವಾಸನೆಯಿರಲಿಲ್ಲ. ಅಂದ್ರೆ ಅದನ್ನು ಚೆನ್ನಾಗಿ ತೊಳೆದೇ ತಂದಿಟ್ಟಿದ್ದಾರೆ. ರಾಣಿಯ ಬಾಯಲ್ಲೂ ಮದ್ದಿನ ವಾಸನೆಯಿಲ್ಲ. ತುಟಿಯ ಒಳಗೆ ಅವಳದೇ ಹಲ್ಲು ಒತ್ತಿದ ಗಾಯ ಇದೆ. ಬಾಯಿ ಮೂಗಿಗೆ ಏನನ್ನೋ ಬಲವಾಗಿ ಅದುಮಿದಾಗ ಆಗೋ ಗಾಯ ಅದು. ಆ ಗೋಣಿತಾಟು ಅಂತ ನನ್ನ ಅನುಮಾನ. ಡಾಕ್ಟ್ರಿಗೆ ತುಟಿ ನೋಡೋಕೆ ಹೇಳಿ."

"ಸರಿ. ಆದ್ರೆ ಯಾರು?"

"ಅವಳು ಸತ್ತದ್ದು ಮಧ್ಯಾಹ್ನ. ಈ ಹುಳ ಎಲೆಯನ್ನು ಎರಡು ಮೂರು ತಾಸಿಗೆ ಮುಗಿಸ್ತವೆ. ಸಂಜೆ ನಾನು ಬಂದಾಗ ತಟ್ಟೆ ತುಂಬ ಹಸಿ ಎಲೆ. ಹೆಣ ದಾಟಿ ಹೋಗಿ ಸೊಪ್ಪು ಹಾಕಿದವರು ಯಾರು? ಹೊರಗಿನವರಾಗಿದ್ರೆ ಕಂಡು ಕಿರುಚ್ತಿದ್ರು. ಚಿಕ್ಕನಿಂಗಮ್ಮನಿಗೆ ಹುಳ ಕಂಡ್ರಾಗಲ್ಲ, ಮೇಲಿನ ತಟ್ಟೆಗೆ ಆ ಕೈ ಎಟುಕೋದೂ ಇಲ್ಲ. ಹಾಕಿದವನಿಗೆ ಹುಳದ ಹೊತ್ತು ಗೊತ್ತು, ಎತ್ತರ ಇದೆ, ಹಿತ್ತಲ ದಾರಿ ಬಳಕೆಯಿದೆ. ಬಾಟಲಿ ತೊಳೆದದ್ದೂ ಹುಳ ಉಳೀಲಿ ಅಂತಲೇ. ಅದೆಲ್ಲ ಗೊತ್ತಿರೋನು, ಗೊತ್ತಿಲ್ಲ ಅಂತ ಯಾಕೆ ಸುಳ್ಳು ಹೇಳ್ದ, ನಟರಾಜು?"

ನಟರಾಜು ತಟ್ಟೆಯ ಅಂಚು ಹಿಡಿದು ನಿಂತ.

"ಯಳಂದೂರು ಮುಟ್ನೇ ಇಲ್ಲ. ಅರ್ಧ ದಾರೀಲಿ ಇಳ್ದು ವಾಪಸ್ ಬಂದೆ. ಈ ಬೆಳೆ ಮುಗುದ್ ಮ್ಯಾಲೆ ಸಿಂಧುನ ಕರ್ಕಂಡು ರಾಮಾಪುರಕ್ಕೋಯ್ತೀನಿ, ತಿರ್ಗಾ ಬರಾಕಿಲ್ಲ ಅಂತಿದ್ಲು. ಬ್ಯಾಡ ಅನ್ನಾಕ್ ಬಂದೆ. ಅದೇ ಜಗ್ಳ. ಏಳು ವರ್ಸದಿಂದ ಅದೇ. ಸುಮ್ಕಿರು ಅಂತ ಗೋಣಿ ಅದುಮ್ದೆ ಸಾ. ಸುಮ್ಕಾದ್ಲು."

"ಆಮೇಲೆ?"

"ಇಲ್ಲೇ ಕುಂತಿದ್ದೆ. ಹೊತ್ತಿಗೆ ಸರ್ಯಾಗಿ ಸೊಪ್ಪು ಹಾಕು ಅಂತ ದಿನಾ ಬಯ್ಯೋಳು. ಇದೊಂದ್ ದಪ ಬಯ್ಯೋರು ಯಾರೂ ಇರ್ನಿಲ್ಲ." ಅವನ ದನಿ ಇಳಿಯಿತು. "ಅಸ್ಕಂಡಿದ್ವು ಸಾ. ಹಾಕ್ದೆ."

ಇನ್ಸ್‌ಪೆಕ್ಟರು ಟೋಪಿ ಹಾಕಿಕೊಂಡು ಅವನ ಹೆಗಲ ಮೇಲೆ ಕೈಯಿಟ್ಟರು. ಜೀಪು ಹೊರಟಿತು.

ಮಾರನೆಯ ದಿನ ರಾಣಿಯನ್ನು ಮಣ್ಣು ಮಾಡಿ ಬಂದ ಮೇಲೆ ಚಿಕ್ಕನಿಂಗಮ್ಮ ಪಕ್ಕದ ಮನೆಯಿಂದ ಸಿಂಧುವನ್ನು ಕರೆತಂದು ಪುಟ್ಟಗೌರಮ್ಮನ ಮುಂದೆ ನಿಲ್ಲಿಸಿದಳು. "ಕರ್ಕಂಡೋಗು ಬೀಗ್ತಿ. ಕೊಂದೋನು ನನ್ ಹೊಟ್ಟೇಲಿ ಉಟ್ದೋನು. ಇಟ್ಕಳ್ಳಾಕೆ ನಂಗ್ ಮಖ ಇಲ್ಲ."

ಪುಟ್ಟಗೌರಮ್ಮ ಮೊಮ್ಮಗಳ ಕೈ ಹಿಡಿದುಕೊಂಡಳು. ಮಗು ಒಂದು ಹೆಜ್ಜೆ ಬಂದು ನಿಂತುಬಿಟ್ಟಿತು. ಇನ್ನೊಂದು ಕೈಯಲ್ಲಿ ಚಿಕ್ಕನಿಂಗಮ್ಮನ ಸೆರಗಿತ್ತು. ಪುಟ್ಟಗೌರಮ್ಮ ಎಳೆದಳು. ಸೆರಗು ಬಿಗಿಯಾಯಿತೇ ಹೊರತು ಮಗು ಬಿಡಲಿಲ್ಲ.

"ರಾತ್ರಿ ಇವ್ಳು ಯಾರ್ ಪಕ್ಕ ಮಲಗ್ತಿದ್ಲು?" ಎಂದು ಪುಟ್ಟಗೌರಮ್ಮ ಯಾರನ್ನೂ ನೋಡದೆ ಕೇಳಿದಳು.

"ನನ್ ಪಕ್ಕ."

ಪುಟ್ಟಗೌರಮ್ಮ ಕಣ್ಣೊರೆಸಿಕೊಂಡಳು. "ನಿನ್ ಮೋರೆ ನೋಡಾಕೂ ನಂಗಾಗಕಿಲ್ಲ. ಸೀರೆ ಬಟ್ಟೆ ತಕಂಡು ಬಾ. ಬಸ್ಸಿಗೊತ್ತಾಯ್ತು."