ತಕರಾರು ಇದ್ದವರು ಏಳಬಹುದು

ಚರ್ಚಿನ ಪದ್ಧತಿಯಂತೆ ಮದುವೆಗೆ ಮುಂಚೆ ವಧೂವರರ ಹೆಸರನ್ನು ಮೂರನೆಯ ಭಾನುವಾರವೂ ಓದಿದ ಪಾದ್ರಿ, "ಈ ಮದುವೆಗೆ ತಕರಾರಿದ್ದರೆ ಈಗಲೇ ಹೇಳಬೇಕು" ಎಂದು ಪುಟ ತಿರುಗಿಸುವಷ್ಟರಲ್ಲಿ ಹೆಸ್ಟರ್ ಎದ್ದು ನಿಂತಳು.

"ನನ್ನದಿದೆ! ಈ ಆಂಬ್ರೋಸ್ ಥಾರ್ಪ್ ಆಗಲೇ ಇಬ್ಬರು ಹೆಂಡಿರನ್ನ ಮಣ್ಣು ಮಾಡಿದ್ದಾನೆ. ಅವರು ಹೇಗೆ ಸತ್ರು, ಕೇಳಿ!"

ಹ್ಯಾಲಿಫ್ಯಾಕ್ಸಿನ ಚರ್ಚಿನ ತುಂಬ ಗುಸುಗುಸು. ಹೆಣ್ಣಿನ ಕಡೆಯವರು ಹಿಂದೆಮುಂದೆ ನೋಡದೆ ಮದುವೆ ಮುರಿದರು. ಆಮೇಲೆ ಡಾಕ್ಟರು ಆಣೆ ಮಾಡಿ ಹೇಳಿದರು: ಒಬ್ಬಳು ಕಾಲರಾದಲ್ಲಿ ಹೋದಳು, ಇನ್ನೊಬ್ಬಳು ಹೆರಿಗೆಯಲ್ಲಿ.

ಕ್ಷಮೆ ಕೇಳಲು ಹೆಸ್ಟರ್, ಆಂಬ್ರೋಸ್ ಕುದುರೆ ಜೀನು ಹೊಲಿಯುವ ಅಂಗಡಿಗೆ ಹೋದಳು. ವಿಕ್ಟೋರಿಯಾ ರಾಣಿಯೇ ಗಂಡನನ್ನು ಕಳಕೊಂಡು ಶೋಕಕ್ಕೆ ಕಪ್ಪು ಉಟ್ಟಿದ್ದ ಕಾಲ. ಹೆಸ್ಟರಳ ಕಪ್ಪು ಬಟ್ಟೆ ಯಾಕೆಂದು ಯಾರೂ ವಿಚಾರಿಸಿರಲಿಲ್ಲ.

"ಏನಮ್ಮ, ಇನ್ಯಾರನ್ನಾದ್ರೂ ಕೊಂದಿದ್ದೀನಾ ಅಂತ ನೋಡೋಕೆ ಬಂದ್ರಾ?" ಎಂದ ಆಂಬ್ರೋಸ್, ಸೂಜಿಯಿಂದ ಕಣ್ಣೆತ್ತದೆ.

"ತಪ್ಪಾಯ್ತು. ನಮ್ಮಕ್ಕ ಲೆಟ್ಟಿಯನ್ನ ಅವಳ ಗಂಡನೇ ಹಾಲಲ್ಲಿ ವಿಷ ಹಾಕಿ ಕೊಂದ. ಅವಳ ಹಾಗೇ ಇನ್ನೂ ಮೂವರು. ಅವನ ಮುಖ ನಾನು ನೋಡಿಲ್ಲ; ಊರೂರಿಗೆ ಹೆಸರು ಬದಲಿಸಿ ಮದುವೆಯಾಗ್ತಾನೆ. ಪೊಲೀಸರು ನನ್ನ ಮಾತಿಗೆ ನಗ್ತಾರೆ. ಅದಕ್ಕೇ ಭಾನುವಾರ ಭಾನುವಾರ ಒಂದೊಂದು ಚರ್ಚಿನಲ್ಲಿ ಕೂತು ಕೇಳ್ತೀನಿ, ಹೆಂಡತಿ ಸತ್ತ ಗಂಡು ಯಾರು ಅಂತ. ಅಕ್ಕನ ಹೆಸರು ಓದಿದಾಗ ಯಾರೂ ಏಳಲಿಲ್ಲ."

ಈಗ ಕಣ್ಣೆತ್ತಿದ. ಆ ಬೂದುಗಣ್ಣಿನಲ್ಲಿ ಕೋಪಕ್ಕಾಗಿ ಹುಡುಕಿದಳು, ಸಿಗಲಿಲ್ಲ. ಅವನ ನೋಟ ಅವಳಿಂದ ಆಚೆ ಸರಿಯಲಿಲ್ಲ; ಅವಳೇ ನಾಚಿ ಕೆಳಗೆ ನೋಡಿದಳು.

"ಕೂತ್ಕೊಳ್ಳಿ. ಈ ಊರಲ್ಲಿ ಇನ್ನು ನನಗೆ ಯಾರೂ ಹೆಣ್ಣು ಕೊಡಲ್ಲ. ಟೀ ಕುಡಿಯೋಕಾದ್ರೂ ಜೊತೆ ಬೇಡ್ವಾ?"

ಚಳಿಗಾಲದ ಸಂಜೆಗಳೆಲ್ಲ ಅಲ್ಲೇ ಕಳೆದವು. ನಗುವನ್ನೇ ಮರೆತಿದ್ದ ಹೆಸ್ಟರ್ ನಕ್ಕಳು. ಶನಿವಾರ ಬಂತೆಂದರೆ ಮಾತ್ರ ರೈಲು, ಬಾಡಿಗೆ ಕೋಣೆ, ತಣ್ಣನೆಯ ಹಾಸಿಗೆ, ಬೇರೆಯವರ ಮದುವೆಯ ಹೆಸರುಗಳು.

"ಈ ಸಲ ಹೋಗ್ಬೇಡಿ ಹೆಸ್ಟರ್," ಎಂದ ಆಂಬ್ರೋಸ್ ಒಂದು ಶನಿವಾರ. " ನನ್ನ ಹೆಸರಿನ ಜೊತೆ ನಿಮ್ಮ ಹೆಸರು ಓದ್ಲಿ."

ಹೂಂ ಎನ್ನಲು ಜೀವ ಹಾತೊರೆಯಿತು. "ನಾನಿಲ್ಲಿ ಸುಖವಾಗಿ ಕೂತ್ರೆ ಇನ್ಯಾರದೋ ಅಕ್ಕ ಅವನ ಕೈಯಿಂದ ಹಾಲು ಕುಡೀತಾಳೆ, ಆಂಬ್ರೋಸ್."

ಹೆಸ್ಟರ್ ರೈಲಿನಲ್ಲಿ ದಾರಿಯುದ್ದಕ್ಕೂ ಅತ್ತಳು.

ಮರುದಿನ ರಾಚ್‌ಡೇಲಿನ ಚರ್ಚಿನಲ್ಲಿ ಕಂಬದ ಪಕ್ಕ ಕೂತಳು. ಇಷ್ಟು ಒಂಟಿತನ ಅವಳಿಗೆ ಯಾವತ್ತೂ ಅನಿಸಿರಲಿಲ್ಲ. ಪಾದ್ರಿ ಪುಸ್ತಕ ತೆರೆಯುವಾಗ ಯಾರೋ ಏದುಸಿರು ಬಿಡುತ್ತ ಬಂದು ಅವಳ ಬೆಂಚಿನಲ್ಲೇ ಕೂತರು.

"ಅಂಗಡಿಗೆ ಬೀಗ ಹಾಕಿ ಬಂದೆ," ಆಂಬ್ರೋಸ್ ಪಿಸುಗುಟ್ಟಿದ. "ಮೊದಲು ಅವನು ಸಿಗ್ಲಿ, ಆಮೇಲೆ ನಮ್ಮ ಹೆಸರು. ಎಡಗಡೆ ನೀವು ನೋಡಿ, ಬಲಗಡೆ ನಾನು. ಆದ್ರೆ ದಮ್ಮಯ್ಯ, ಏಳೋ ಮುಂಚೆ ನನ್ನನ್ನ ಒಂದ್ಮಾತು ಕೇಳಿ."

ಹೆಸ್ಟರ್ ಎಡಗಡೆಯ ಸಾಲುಗಳಿಂದ ಕಣ್ಣು ತೆಗೆಯಲಿಲ್ಲ. ಅವನ ಕೈಯನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಳು.