ಹನ್ನೊಂದು ಗಂಟೆಯ ಬ್ಯಾಚ್

"ಈ ಪಟ್ಟಿ ಮಾಡಿದ್ದು ನೀವೇನಾ?"

ಜಿಮ್‌ನ ಸಂಜೆ ಪಾಳಿಯ ರಿಸೆಪ್ಷನಿಸ್ಟ್ ತಲೆ ಎತ್ತಿದಳು. ಎದುರಿಗೆ ಬೆಳಗಿನ ಪಾಳಿಯ ಟ್ರೈನರ್. ಒಂದೇ ಕಡೆ ಎರಡು ವರ್ಷ ದುಡಿದರೂ ಇಬ್ಬರೂ ಮುಖಾಮುಖಿಯಾಗಿದ್ದು ಅಂದೇ.

"ಹೌದು... ಯಾವ ವಯಸ್ಸಿನವರು ಎಷ್ಟು ಜನ ಬರ್ತಾರೆ ಅಂತ ಓನರ್ ಕೇಳಿದ್ರು."

"ಅರವತ್ತು ದಾಟಿದವರು ದಿನಕ್ಕೆ ನಾಲ್ಕೇ ಜನ ಅಂತ ಬರೆದಿದ್ದೀರಿ. ಮುಂದಿನ ತಿಂಗಳಿಂದ ಹನ್ನೊಂದು ಗಂಟೆಯ ನನ್ನ ಹಿರಿಯರ ಬ್ಯಾಚ್ ಬಂದ್, ಕೆಲಸಾನೂ ಇಲ್ಲ! ಒಂದು ದಿನವಾದ್ರೂ ಬಂದು ನೋಡಿದ್ರಾ?"

ಅವನ ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು. ಅದೇ ಅವಳನ್ನು ಚುಚ್ಚಿತು. ಮಷೀನ್ ಕೊಟ್ಟ ಹಾಜರಿಯನ್ನು ಮೂರು ಸಲ ತಾಳೆ ನೋಡಿದ್ದೆನಲ್ಲಾ... ಎಲ್ಲಿ ತಪ್ಪಿದೆ?

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ನಿದ್ದೆಗಣ್ಣಲ್ಲೇ ಬಂದು ಬಾಗಿಲ ಬಳಿ ನಿಂತಳು.

ಅಜ್ಜಿಯೊಬ್ಬರು ಹಾಜರಿ ಮಷೀನಿನ ಮೇಲೆ ಬೆರಳಿಟ್ಟರು. ಕೆಂಪು ದೀಪ. ಬೆರಳು ಒರೆಸಿಕೊಂಡು ಮತ್ತೆ ಇಟ್ಟರು. ಮತ್ತೆ ಕೆಂಪು! ಪಾತ್ರೆ ತಿಕ್ಕಿ ತಿಕ್ಕಿ ಸವೆದ ಬೆರಳಲ್ಲಿ ಮಷೀನಿಗೆ ಗೆರೆಯೇ ಸಿಗಲಿಲ್ಲ. ಟ್ರೈನರ್ ಸದ್ದಿಲ್ಲದೆ ಪಕ್ಕದ ಬಾಗಿಲು ತೆರೆದ. ಅವರ ಹಿಂದೆಯೇ ಇಪ್ಪತ್ತಾರು ಹಿರಿಯರು ಅದೇ ಬಾಗಿಲಿಂದ ಒಳಗೆ ಹೋದರು.

"ಇದನ್ನ ಮೊದಲೇ ಹೇಳಬಾರದಿತ್ತಾ?"

"ಐದೈದು ಸಲ ಒತ್ತಿಸಿದ್ರೆ ಅವರಿಗೆ ಅವಮಾನ. ಅದಕ್ಕೇ ಬಾಗಿಲು ತೆಗೆದುಬಿಡ್ತಿದ್ದೆ. ಹಾಜರಿಗೆ ಸೇರಲ್ಲ ಅಂತ... ಹೊಳೀಲೇ ಇಲ್ಲ." ಅವನು ತಲೆ ತಗ್ಗಿಸಿದ. "ನಿಮ್ಮ ಮೇಲೆ ರೇಗಿದೆ. ತಪ್ಪಾಯ್ತು."

ಹದಿನೈದು ದಿನ ಎರಡೂ ಹೊತ್ತು ಬಂದಳು. ಕಾಲು ಸೇದುತ್ತಿತ್ತು, ಕಣ್ಣು ಉರಿಯುತ್ತಿತ್ತು. ಆದರೂ ಪುಸ್ತಕದಲ್ಲಿ ಒಬ್ಬೊಬ್ಬರನ್ನೂ ಕೈಯಾರೆ ಬರೆದಳು. ಹೊಸ ವರ್ಷಕ್ಕೆ ಹುರುಪಿನಿಂದ ಸೇರಿದ ಇಪ್ಪತ್ತರ ಹರೆಯದವರಲ್ಲಿ ಅರ್ಧ ಜನ ಮಾಯ. ನಡುವಯಸ್ಸಿನವರು ಸೋಮವಾರದ ಶೂರರು. ಮಂಡಿ ಹಿಡಿದುಕೊಂಡಾದರೂ ದಿನಾ ಬರುವವರು ಈ ಹಿರಿಯರೇ!

"ಏನಮ್ಮಾ, ನಮ್ಮನ್ನ ಎಣಿಸ್ತೀಯೋ, ನಮ್ಮ ಮೇಷ್ಟ್ರನ್ನ ನೋಡ್ತೀಯೋ?" ಅಜ್ಜಿ ಕಿಚಾಯಿಸಿದರು.

ಅವಳ ಎಣಿಕೆ ತಪ್ಪಿತು. ಅವನ ಕಿವಿ ಕೆಂಪಾಯಿತು.

ಕೊನೆಯ ದಿನ ಓನರ್ ಪುಸ್ತಕ ತಿರುವಿ ನೋಡಿ, "ಬ್ಯಾಚ್ ಇರಲಿ ಬಿಡಿ," ಅಂದರು. ಅಷ್ಟೇ.

ಇಬ್ಬರೂ ಬೆಂಚಿನ ಮೇಲೆ ಕುಸಿದರು. ಸಂತೋಷಪಡಲೂ ತ್ರಾಣವಿರಲಿಲ್ಲ.

"ನಾಳೆಯಿಂದ ಬೆಳಿಗ್ಗೆ ಬರಲ್ಲ ಅಲ್ವಾ ನೀವು?" ಅವನ ದನಿ ಇಳಿದಿತ್ತು.

"ಇಲ್ಲ... ತುಂಬಾ ಸುಸ್ತಾಗಿದೆ."

"ನೀವು ನಿದ್ದೆ ಮಾಡಿ. ಸಂಜೆ ನಾನೇ ಬರ್ತೀನಿ."

"ನಿಮಗೆ ಸಂಜೆ ಏನು ಕೆಲಸ?"

"ನಿಮ್ಮ ಪಕ್ಕ ಕೂತ್ಕೊಳ್ಳೋದು... ದಿನಾ."

ಅವಳು ಅವನತ್ತ ತಿರುಗಿದಳು. "ಇಷ್ಟ ಅಂತ ನೇರವಾಗಿ ಹೇಳೋಕಾಗಲ್ವಾ?"

"ಇಷ್ಟ. ತುಂಬಾ."

"ನನಗೂ..." ತಲೆ ತಾನಾಗಿಯೇ ಅವನ ಭುಜಕ್ಕೆ ಒರಗಿತು. "ಹತ್ತು ನಿಮಿಷ ಹೀಗೇ ಇರ್ಲಾ?"

"ಇರು," ಅಂದ ಅವನು, ಮೊದಲ ಸಲ ಏಕವಚನದಲ್ಲಿ.